ಊರಿನಲ್ಲಿ ಅಪ್ಪ-ಅಮ್ಮ, ದೂರದಲ್ಲಿ ಮೊಮ್ಮಕ್ಕಳು: ನಡುವಿನ ಫೋನನ್ನು ಸರಿಮಾಡಿಕೊಳ್ಳುವುದು ಹೇಗೆ?

"ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿ ಎರಡು ವರ್ಷ ಆಯ್ತು. ಆದರೆ ನಾವು ಮಾಡಿದರೆ ಮಾತ್ರ ಮಾತು." "ಮಗಳು ಅಜ್ಜಿಯ ವಿಡಿಯೊ ಕಾಲ್ ಬಂತೆಂದರೆ ಎದ್ದು ಓಡುತ್ತಾಳೆ." "ಫ್ಯಾಮಿಲಿ ಗ್ರೂಪ್‌ನಲ್ಲಿ ದೊಡ್ಡಪ್ಪನಿಗೂ ನನಗೂ ಮಾತು ನಿಂತಿದೆ, ಏನು ಮಾಡಲಿ?" ಓದುಗರಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆಗಳಿವು. ಕೇಳುವವರು ಬೆಂಗಳೂರು, ಪುಣೆ, ದುಬೈ, ನ್ಯೂಜೆರ್ಸಿ ಎಂದು ಎಲ್ಲೆಲ್ಲೋ ಇದ್ದಾರೆ. ಅವರು ಬಿಟ್ಟು ಬಂದ ಮನೆ ಮಾತ್ರ ಹೆಚ್ಚುಕಡಿಮೆ ಒಂದೇ ಥರದ್ದು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಬಯಲುಸೀಮೆಯ ಸಣ್ಣ ಊರಿನಲ್ಲೋ ಒಂದು ದೊಡ್ಡ ಮನೆ, ಒಳಗೆ ಇಬ್ಬರೇ ಹಿರಿಯರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿರಿಯರ ಕೈಯಲ್ಲಿ ಫೋನು ಬರೀ ಕರೆ ಬಂದಾಗ ಎತ್ತುವ ವಸ್ತುವಾಗಿ ಉಳಿದರೆ, ಅವರು ದಿನವಿಡೀ ಕಾಯುವವರಾಗುತ್ತಾರೆ. ಅವರೇ ಕರೆ ಮಾಡುವಂತಾಗಬೇಕು. ಮಾಡಿದಾಗ ಮೊಮ್ಮಕ್ಕಳಿಗೆ ಕೊಡಲು ಅವರ ಹತ್ತಿರ ಏನಾದರೂ ಇರಬೇಕು. ಜೀವನವೆಲ್ಲ ಕೊಟ್ಟು ಅಭ್ಯಾಸವಾದವರು ಅವರು. ಫೋನಿನ ಮುಂದೆ ಮಾತ್ರ ದಡ್ಡ ವಿದ್ಯಾರ್ಥಿಯ ಹಾಗೆ ಬೈಸಿಕೊಳ್ಳುತ್ತಾ ಕೂರಬೇಕೆಂದರೆ ಯಾರಿಗೆ ಇಷ್ಟ ಆಗುತ್ತದೆ? ಕೆಳಗಿನ ಹಂತಗಳೆಲ್ಲ ಈ ಒಂದು ವಿಷಯಕ್ಕಾಗಿಯೇ ಇವೆ.

ಇದು ನಮಗೆಲ್ಲ ಹೊಸದು ಎಂಬುದೂ ನೆನಪಿರಲಿ. ಎಸ್‌ಟಿಡಿ ಬೂತಿನ ಮೀಟರ್ ನೋಡುತ್ತಾ ಮೂರು ನಿಮಿಷದಲ್ಲಿ ಮನೆ ಸುದ್ದಿ ಮುಗಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ವಾಟ್ಸ್‌ಆ್ಯಪ್‌ಗೆ ವಿಡಿಯೊ ಕರೆ ಬಂದದ್ದು 2016ರ ನವೆಂಬರ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಶುರುವಾಗಿ ಡೇಟಾ ಅಗ್ಗವಾಯಿತು. ಎಪ್ಪತ್ತು ದಾಟಿದವರು ಇಷ್ಟೇ ವರ್ಷದಲ್ಲಿ ಇಷ್ಟು ಕಲಿತಿದ್ದಾರೆ ಎಂದರೆ ಅದು ಸಣ್ಣ ಸಂಗತಿ ಅಲ್ಲ.

ಏನೇನು ಬೇಕು?

ಊರಿಗೆ ಹೋದಾಗ ಮೂರು ದಿನದ ಬಿಡುವು ಬೇಕು. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ, ಆಗುವುದಿಲ್ಲ. ಫೋನನ್ನು ನಿಲ್ಲಿಸಿಡಲು ಒಂದು ಸ್ಟ್ಯಾಂಡ್, ಒಂದು ನೋಟ್‌ಬುಕ್, ದಪ್ಪಗೆ ಬರೆಯುವ ಸ್ಕೆಚ್ ಪೆನ್ ಬೇಕು. ಹೊಸ ಫೋನ್ ಕೊಳ್ಳುವುದಾದರೆ ದುಬಾರಿಯದು ಬೇಡ. ಸ್ಕ್ರೀನ್ ದೊಡ್ಡದಿರಲಿ, ಸ್ಪೀಕರ್ ಜೋರಾಗಿರಲಿ, ಸಾಕು. ನಿಮ್ಮ ಹಳೆಯ ಫೋನನ್ನು ಕೊಡುವವರು ಬ್ಯಾಟರಿ ಹೊಸದು ಹಾಕಿಸಿ ಕೊಡಿ. ಮಧ್ಯಾಹ್ನಕ್ಕೇ ಸತ್ತುಹೋಗುವ ಫೋನನ್ನು ಯಾರೂ ನಂಬುವುದಿಲ್ಲ.

1. ಮೊದಲು ಸಿಗ್ನಲ್ ನೋಡಿ

ಮನೆಯ ಯಾವ ಜಾಗದಲ್ಲಿ ಸಿಗ್ನಲ್ ಸಿಗುತ್ತದೆ? ಅಂಗಳದ ತುದಿಯಲ್ಲಿ, ಮಹಡಿಯ ಕಿಟಕಿಯಲ್ಲಿ ಎಂದು ಉತ್ತರ ಬಂದರೆ ಮುಂದಿನ ಹಂತಗಳೆಲ್ಲ ವ್ಯರ್ಥ. ಮಂಡಿನೋವಿನ ಅಮ್ಮ ಮಾತಾಡಲು ಮಳೆಯಲ್ಲಿ ಅಂಗಳಕ್ಕೆ ಹೋಗಬಾರದು ಅಲ್ವಾ?

ಈಗ ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಬಿಎಸ್‌ಎನ್‌ಎಲ್‌ನ ಎಫ್‌ಟಿಟಿಎಚ್ ಬಂದಿದೆ. ಗಾಜಿನ ಎಳೆಯ ಕೇಬಲ್ ನೇರವಾಗಿ ಮನೆಯೊಳಗೆ ಬರುವ ಇಂಟರ್‌ನೆಟ್ ಇದು. ಇದನ್ನು ಹಾಕಿಸಿದರೆ ವೈಫೈ ಸಿಗುತ್ತದೆ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ "ವೈಫೈ ಕಾಲಿಂಗ್" ಎಂಬುದನ್ನು ಆನ್ ಮಾಡಿ. ಟವರ್ ಸಿಗದ ಮನೆಯಲ್ಲೂ ಸಾಮಾನ್ಯ ಕರೆ ವೈಫೈ ಮೂಲಕ ಹೋಗುತ್ತದೆ, ಬರುತ್ತದೆ. ಎಲ್ಲ ಫೋನಿನಲ್ಲೂ ಎಲ್ಲ ಸಿಮ್‌ನಲ್ಲೂ ಇದು ಇರುವುದಿಲ್ಲ. ಹಾಗಾಗಿ ಫೋನ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಎಲ್ಲರೂ ಮರೆಯುವ ಸಂಗತಿ ಕರೆಂಟು. ಕರೆಂಟು ಹೋದರೆ ವೈಫೈ ಪೆಟ್ಟಿಗೆಯೂ ಆಫ್. ರೂಟರ್‌ಗೆಂದೇ ಅಂಗೈ ಅಗಲದ ಮಿನಿ ಯುಪಿಎಸ್ ಸಿಗುತ್ತದೆ. ಮಳೆಗಾಲಕ್ಕೆ ಮೊದಲು ಅದೊಂದನ್ನು ತಂದುಹಾಕಿ. ಇನ್ವರ್ಟರ್ ಇದ್ದರೆ ರೂಟರ್‌ನ ಪ್ಲಗ್ಗು ಇನ್ವರ್ಟರ್ ಲೈನಿನಲ್ಲೇ ಇದೆಯಾ ಎಂದು ನೋಡಿ.

2. ಫೋನನ್ನು ಅವರ ಕೈಗೆ ಹೊಂದಿಸಿ

ಫೋನಿಗೆ ಅವರು ಒಗ್ಗಿಕೊಳ್ಳಲಿ ಎಂದು ಕಾಯಬೇಡಿ. ಫೋನನ್ನೇ ಅವರಿಗೆ ಒಗ್ಗಿಸಿ. ಅರ್ಧ ದಿನ ಇದಕ್ಕೇ ಇಡಿ.

ಅಕ್ಷರ ದೊಡ್ಡದು ಮಾಡಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ವಾಟ್ಸ್‌ಆ್ಯಪ್ ಒಳಗೂ ಕನ್ನಡ ಆರಿಸಿ. ಆದರೆ ಅವರನ್ನು ಕೇಳಿಯೇ ಬದಲಿಸಿ. ಇಂಗ್ಲಿಷ್ ಮೆನುವಿಗೆ ಕೈ ಕೂತಿದ್ದರೆ ಕನ್ನಡವೇ ಗೊಂದಲ ಆಗಬಹುದು.

ಸ್ಕ್ರೀನು 15 ಅಥವಾ 30 ಸೆಕೆಂಡಿಗೆ ಆರಿಹೋಗುವುದು ಹಿರಿಯರಿಗೆ ದೊಡ್ಡ ಕಿರಿಕಿರಿ. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಕತ್ತಲೆ! ಇದನ್ನು 2 ನಿಮಿಷಕ್ಕಾದರೂ ಏರಿಸಿ.

ಪರದೆಯ ಅಂಚಿನಲ್ಲಿ ಬೆರಳು ಎಳೆದು ಹಿಂದೆ ಹೋಗುವ ವಿಧಾನ ತೆಗೆದುಹಾಕಿ. ಹಳೆಯ ಕಾಲದ ಮೂರು ಬಟನ್ ಬರುವಂತೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ "ನ್ಯಾವಿಗೇಷನ್" ಎಂದು ಹುಡುಕಿದರೆ ಸಿಗುತ್ತದೆ. ಏನೇ ಎಡವಟ್ಟಾದರೂ "ನಡುವಿನ ಬಟನ್ ಒತ್ತು, ಮನೆಗೆ ಬರ್ತೀಯ" ಎಂದು ಹೇಳಿಕೊಡಬಹುದು. ಇದೊಂದರಿಂದಲೇ ಅರ್ಧ ಭಯ ಹೋಗುತ್ತದೆ.

"ನಾನು ಒತ್ತಿದರೆ ಆಗುವುದೇ ಇಲ್ಲ, ನೀನು ಒತ್ತಿದರೆ ಆಗ್ತದೆ" ಎಂದು ಅಪ್ಪ ಹೇಳಿದರೆ ನಂಬಿ. ವಯಸ್ಸಾದವರ ಬೆರಳು ಒಣಗಿರುತ್ತದೆ. ತೋಟದ ಕೆಲಸ ಮಾಡಿದವರ ಬೆರಳಿನ ಚರ್ಮ ದಪ್ಪ. ಬೆರಳು ತಾಗಿದಾಗ ಆಗುವ ಸೂಕ್ಷ್ಮ ವಿದ್ಯುತ್ ಬದಲಾವಣೆಯನ್ನು ಗುರುತಿಸಿ ಸ್ಕ್ರೀನು ಕೆಲಸ ಮಾಡುತ್ತದೆ, ಹಾಗಾಗಿ ಒಣ ಬೆರಳು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಒದ್ದೆ ಬಟ್ಟೆಗೆ ಬೆರಳು ಒರೆಸಿಕೊಂಡು ಒತ್ತಲು ಹೇಳಿ. ಇನ್ನೊಂದು ತೊಂದರೆ ಎಂದರೆ ಅವರು ಗಟ್ಟಿಯಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಫೋನು ಅದನ್ನು ಬೇರೆಯದೇ ಆಜ್ಞೆ ಎಂದುಕೊಂಡು ಐಕಾನ್‌ಗಳನ್ನು ಅಲುಗಾಡಿಸುತ್ತದೆ, ಅಳಿಸಲಾ ಎಂದು ಕೇಳುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ "ಆ್ಯಕ್ಸೆಸಿಬಿಲಿಟಿ" ಎಂಬ ವಿಭಾಗ ಇದೆ, ಕಣ್ಣು-ಕಿವಿ-ಕೈಗೆ ತೊಂದರೆ ಇರುವವರಿಗೆ ಫೋನನ್ನು ಸುಲಭ ಮಾಡಿಕೊಡುವ ಜಾಗ. ಅಲ್ಲಿ ಒತ್ತಿ ಹಿಡಿಯುವ ಸಮಯವನ್ನು "ಲಾಂಗ್" ಮಾಡಿ.

ಮುಖ್ಯ ಪರದೆಯಲ್ಲಿ ಏನೂ ಇಡಬೇಡಿ, ಜನರನ್ನು ಬಿಟ್ಟು. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರ ಚಾಟ್ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿದರೆ ಶಾರ್ಟ್‌ಕಟ್ ಸೇರಿಸುವ ಆಯ್ಕೆ ಬರುತ್ತದೆ. ಮಗ, ಮಗಳು, ತಂಗಿ, ಪಕ್ಕದ ಮನೆಯವರು, ಹೀಗೆ ನಾಲ್ಕೋ ಐದೋ ಮುಖಗಳನ್ನು ಪರದೆಯ ಮೇಲೆ ಇಡಿ. ಪ್ರೊಫೈಲ್ ಫೋಟೊದಲ್ಲಿ ಮುಖ ಸ್ಪಷ್ಟ ಕಾಣಬೇಕು. ಹೂವು, ಕಾರು, ದೇವರ ಫೋಟೊ ಇಟ್ಟುಕೊಂಡಿರುವ ಮಕ್ಕಳು ಅಪ್ಪ-ಅಮ್ಮನ ಸಲುವಾಗಿ ಅದನ್ನು ಬದಲಿಸಿ.

3. ಕಲಿಸುವಾಗ ಫೋನು ಅವರ ಕೈಯಲ್ಲೇ ಇರಲಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. "ಕೊಡು ಇಲ್ಲಿ" ಎಂದು ಫೋನು ಕಿತ್ತುಕೊಂಡು, ಟಕಟಕ ಒತ್ತಿ, "ನೋಡಿದ್ಯಾ, ಇಷ್ಟೇ" ಎಂದು ವಾಪಸು ಕೊಡುತ್ತೇವೆ. ಅವರು ನೋಡಿದ್ದು ನಮ್ಮ ಬೆರಳಿನ ವೇಗ ಮಾತ್ರ. ನಾನೂ ಹೀಗೇ ಮಾಡುತ್ತಿದ್ದೆ. ನನ್ನ ಅಮ್ಮ ಒಂದು ದಿನ "ನಿನಗೆ ಅ ಆ ಕಲಿಸುವಾಗ ನಾನು ಬಳಪ ಕಿತ್ಕೊಳ್ಳಲಿಲ್ಲ" ಎಂದರು. ಅಲ್ಲಿಂದ ನಾನು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕಲಿಸುತ್ತೇನೆ. ನೀವೂ ಹಾಗೆ ಮಾಡಿ.

ದಿನಕ್ಕೆ ಒಂದೇ ಪಾಠ. ಮೊದಲ ದಿನ ಬಂದ ಕರೆಯನ್ನು ಎತ್ತುವುದು. ಸುಲಭ ಅನ್ನಿಸುತ್ತದೆ, ಆದರೆ ಸುಲಭ ಅಲ್ಲ. ಬಹುತೇಕ ಫೋನ್‌ಗಳಲ್ಲಿ ಸ್ಕ್ರೀನು ಆರಿದ್ದಾಗ ವಾಟ್ಸ್‌ಆ್ಯಪ್ ಕರೆ ಬಂದರೆ ಹಸಿರು ಗುಂಡಿಯನ್ನು ಮೇಲಕ್ಕೆ ಜಾರಿಸಬೇಕು. ಫೋನು ತೆರೆದಿದ್ದಾಗ ಬಂದರೆ ಮೇಲೆ ಸಣ್ಣ ಪಟ್ಟಿ ಬರುತ್ತದೆ, ಅದರಲ್ಲಿ ಬರೀ ಒತ್ತಬೇಕು. ಒಂದೇ ಕೆಲಸಕ್ಕೆ ಎರಡು ವಿಧಾನ. ಅಮ್ಮ ಕರೆ ಎತ್ತಲಿಲ್ಲ ಎಂದು ನಾವು ಸಿಟ್ಟಾಗುತ್ತೇವೆ, ಅವರು ಪಾಪ ಒತ್ತುತ್ತಲೇ ಇರುತ್ತಾರೆ. ಪಕ್ಕದ ಕೋಣೆಯಿಂದ ಹತ್ತು ಸಲ ಕರೆ ಮಾಡಿ, ಎರಡೂ ಬಗೆಯನ್ನು ಅಭ್ಯಾಸ ಮಾಡಿಸಿ.

ಎರಡನೆಯ ದಿನ ಅವರೇ ಕರೆ ಮಾಡುವುದು. ಮೂರನೆಯ ದಿನ ಧ್ವನಿ ಸಂದೇಶ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿ ಬಿಟ್ಟರೆ ಹೋಗುತ್ತದೆ. ಟೈಪ್ ಮಾಡುವುದು ಕಷ್ಟ ಎನ್ನುವವರಿಗೆ ಇದು ವರ. ಬರೆದೇ ಕಳಿಸಬೇಕು ಎನ್ನುವವರಿಗೆ ಜಿಬೋರ್ಡ್ ಎಂಬ ಕೀಬೋರ್ಡಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ಹೇಳಿದ್ದು ಅಕ್ಷರವಾಗುತ್ತದೆ. ಊರಿನ ಆಡುಮಾತು ಅದಕ್ಕೆ ಪೂರ್ತಿ ತಿಳಿಯದು, ಆದರೂ ಕೆಲಸ ನಡೆಯುತ್ತದೆ.

ಕಲಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಅವರ ಕೈಯಿಂದಲೇ, ಅವರ ಮಾತಿನಲ್ಲೇ ಬರೆಸಿ. "ಹಸಿರು ಡಬ್ಬಿ ಒತ್ತು, ಪುಟ್ಟಿಯ ಮುಖ ಒತ್ತು, ಮೇಲೆ ಕ್ಯಾಮೆರಾ ಚಿತ್ರ ಒತ್ತು" ಎಂದು ಬರೆದುಕೊಂಡರೆ ಅದೇ ಸರಿ. ನಾವು ಪ್ರಿಂಟ್ ತೆಗೆದುಕೊಟ್ಟ ಹಾಳೆ ಕ್ಯಾಲೆಂಡರಿನ ಹಿಂದೆ ಸೇರುತ್ತದೆ.

ಕೊನೆಯ ಪುಟದಲ್ಲಿ "ಫೋನ್ ಹಾಳಾಯಿತು" ಎಂದು ಒಂದು ಪಟ್ಟಿ ಇರಲಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಫೋನು ಹಾಳಾಗಿರುವುದಿಲ್ಲ. ಕೈತಪ್ಪಿ ವಿಮಾನದ ಗುರುತು ಒತ್ತಿರುತ್ತಾರೆ, ಅಥವಾ ಮೊಬೈಲ್ ಡೇಟಾ ಆಫ್ ಆಗಿರುತ್ತದೆ, ಅಥವಾ "ಡು ನಾಟ್ ಡಿಸ್ಟರ್ಬ್" ಆನ್ ಆಗಿ ರಿಂಗ್ ಸದ್ದೇ ಬರುತ್ತಿರುವುದಿಲ್ಲ. ಈ ಮೂರರ ಚಿತ್ರ ಬಿಡಿಸಿ, ಹೇಗೆ ಸರಿಮಾಡುವುದು ಎಂದು ಪಕ್ಕದಲ್ಲಿ ಬರೆಸಿ.

ದೂರದಿಂದ ಸಹಾಯ ಮಾಡಬೇಕಾದರೆ ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲೇ ಸ್ಕ್ರೀನ್ ಶೇರ್ ಇದೆ, 2023ರಲ್ಲಿ ಬಂದದ್ದು. ಅವರ ಪರದೆ ನಿಮಗೆ ಹಾಗೇ ಕಾಣುತ್ತದೆ. ಇದನ್ನು ಕಲಿಸುವಾಗಲೇ ಒಂದು ಗೆರೆ ಎಳೆಯಿರಿ: ಮನೆಯವರಿಗೆ ಮಾತ್ರ ಪರದೆ ತೋರಿಸಬೇಕು, ಬೇರೆ ಯಾರು ಕೇಳಿದರೂ ಇಲ್ಲ. ಯಾಕೆಂದು 8ನೇ ಹಂತದಲ್ಲಿ ಹೇಳುತ್ತೇನೆ.

4. ಹೊತ್ತು ಗೊತ್ತು ಮಾಡಿಕೊಳ್ಳಿ

"ಬಿಡುವಾದಾಗ ಮಾಡ್ತೀನಿ" ಎಂಬ ಮಾತಿನಿಂದ ಹಿರಿಯರ ದಿನ ಹಾಳಾಗುತ್ತದೆ. ಫೋನು ಕೈಯಲ್ಲಿ ಹಿಡಿದೇ ಸ್ನಾನಕ್ಕೆ ಹೋಗುವವರಿದ್ದಾರೆ. ವಾರಕ್ಕೆ ಎರಡೇ ದಿನ ಆದರೂ ಪರವಾಗಿಲ್ಲ, ಹೊತ್ತು ನಿಗದಿ ಇರಲಿ. ಮಧ್ಯದ ದಿನಗಳಲ್ಲಿ ಧ್ವನಿ ಸಂದೇಶ ಸಾಕು.

ಹೊತ್ತನ್ನು ಅವರ ದಿನಚರಿ ನೋಡಿ ಇಡಿ. ಹಾಲು ಕರೆಯುವ ಹೊತ್ತು, ದೇವರ ದೀಪದ ಹೊತ್ತು, ಇಷ್ಟದ ಧಾರಾವಾಹಿಯ ಹೊತ್ತು ಬೇಡ. ಧಾರಾವಾಹಿ ಅಷ್ಟೇ ತಾನೆ ಎಂದು ತಳ್ಳಿಹಾಕಬೇಡಿ, ನಿಮ್ಮ ಮೀಟಿಂಗ್‌ನಂತೆ ಅದೂ ಅವರ ಸಮಯ.

ಹೊರದೇಶದಲ್ಲಿರುವವರು ಗಡಿಯಾರ ನೋಡಿಕೊಳ್ಳಿ. ದುಬೈಗೂ ನಮಗೂ ಒಂದೂವರೆ ಗಂಟೆ ಅಷ್ಟೇ. ಅಮೆರಿಕ, ಬ್ರಿಟನ್‌ನಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಿಸುತ್ತಾರೆ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ 12 ಗಂಟೆ 30 ನಿಮಿಷ ಹಿಂದೆ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ. ಅಂದರೆ ಊರಿನಲ್ಲಿ ಬೆಳಿಗ್ಗೆ 8ಕ್ಕೆ ಅಲ್ಲಿ ಹಿಂದಿನ ದಿನ ಸಂಜೆ 7:30 ಅಥವಾ 6:30. ಅಜ್ಜ ತಿಂಡಿ ಮುಗಿಸಿ ಕೂರುವ ಹೊತ್ತು, ಮೊಮ್ಮಗು ರಾತ್ರಿ ಊಟಕ್ಕೆ ಕೂರುವ ಹೊತ್ತು. ನ್ಯೂಜೆರ್ಸಿಯವರಿಗೆ ಊರಿನ ಸಂಜೆ 7 ಎಂದರೆ ಬೇಸಿಗೆಯಲ್ಲಿ ಬೆಳಿಗ್ಗೆ 9:30, ಚಳಿಗಾಲದಲ್ಲಿ 8:30. ಅಮೆರಿಕದಲ್ಲಿ ಬದಲಾವಣೆ ಆಗುವುದು ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಆ ಎರಡು ದಿನವನ್ನು ಊರಿನ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಇಲ್ಲದಿದ್ದರೆ ಅಮ್ಮ ಒಂದು ಗಂಟೆ ಮೊದಲೇ ಫೋನಿನ ಮುಂದೆ ಕೂತು ಗಾಬರಿ ಆಗುತ್ತಾರೆ.

5. ಕೇಳಿಸುವಂತೆ ಮಾತಾಡಿ, ಕಾಣುವಂತೆ ಕೂರಿ

"ಧ್ವನಿ ಕೇಳ್ತದೆ, ಏನು ಹೇಳ್ತೀ ಅಂತ ಗೊತ್ತಾಗಲ್ಲ" ಎಂದು ಅಜ್ಜ ಹೇಳುವುದು ನಿಜ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಗ್ಗುವುದು ಕೀಚಲು ಸ್ವರ ಕೇಳುವ ಶಕ್ತಿ. ಸ, ಶ, ತ ಮುಂತಾದ ವ್ಯಂಜನಗಳು ಕಿವಿಗೆ ಬೀಳುವುದಿಲ್ಲ. ಮಕ್ಕಳ ಎಳೆ ದನಿ ಇನ್ನೂ ಕಷ್ಟ. ಕಿರುಚಿದರೆ ಉಪಯೋಗ ಇಲ್ಲ. ನಿಧಾನವಾಗಿ, ಬಿಡಿಸಿ ಹೇಳಬೇಕು. ತುಟಿ ನೋಡಿ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ, ಆದ್ದರಿಂದ ನಿಮ್ಮ ಮುಖದ ಮೇಲೆ ಬೆಳಕು ಬೀಳಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಅವರಿಗೆ ಕಾಣುವುದು ಕಪ್ಪು ನೆರಳು ಮಾತ್ರ.

ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ವಾಟ್ಸ್‌ಆ್ಯಪ್ ಗುಂಪು ಕರೆಗೆ 32 ಜನ ಸೇರಬಹುದು. ಹಾಗೆಂದು ಹಬ್ಬದ ದಿನ ಎಲ್ಲರನ್ನೂ ಒಟ್ಟಿಗೆ ಸೇರಿಸಿದರೆ ಹಿರಿಯರು ಮೂಲೆಯಲ್ಲಿ ಸುಮ್ನೆ ನಗುತ್ತಾ ಕೂರಬೇಕಾಗುತ್ತದೆ. ಅವರ ಜತೆಗೆ ಮೂರು-ನಾಲ್ಕು ಮನೆ ಇದ್ದರೆ ಸಾಕು.

6. ಮಕ್ಕಳನ್ನು ಮಾತಿಗೆ ಕೂರಿಸಬೇಡಿ, ಜತೆಗೆ ಆಡಿಸಿ

"ಅಜ್ಜಿಗೆ ಹಾಯ್ ಹೇಳು. ಊಟ ಆಯ್ತಾ ಕೇಳು. ಮುತ್ತು ಕೊಡು. ಸರಿ, ಬಾಯ್ ಹೇಳು." ಎಷ್ಟೋ ಮನೆಗಳ ವಿಡಿಯೊ ಕರೆ ಇಷ್ಟೇ. ಇದು ಮಗುವಿಗೆ ಪರೀಕ್ಷೆ ಬರೆದ ಹಾಗೆ. ಓಡಿಹೋಗುವುದು ಮಗುವಿನ ತಪ್ಪಲ್ಲ.

ತೀರಾ ಎಳೆ ಮಗುವಿಗೆ ಸ್ಕ್ರೀನ್ ತೋರಿಸಬಹುದಾ ಎಂದು ತುಂಬಾ ತಾಯಂದಿರು ಕೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆಯಲ್ಲಿ 18 ತಿಂಗಳೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಎಂದಿತ್ತು, ಆದರೆ ವಿಡಿಯೊ ಕರೆಯನ್ನು ಅದರಿಂದ ಹೊರಗಿಟ್ಟಿತ್ತು. ಆಚೆ ಇರುವವರು ಮಗುವಿಗೆ ಪ್ರತಿಕ್ರಿಯೆ ಕೊಡುತ್ತಾರೆ, ಕಾರ್ಟೂನ್ ಕೊಡುವುದಿಲ್ಲ. ಹಾಗಾಗಿ ಅಜ್ಜಿಯ ಕರೆಗೆ ಹೆದರಬೇಕಿಲ್ಲ. ನೀವು ಪಕ್ಕದಲ್ಲಿ ಕೂತು "ನೋಡು, ಅಜ್ಜಿ ಬಳೆ ಅಲ್ಲಾಡಿಸ್ತಿದ್ದಾಳೆ" ಎಂದು ತೋರಿಸುತ್ತಿರಿ.

ಮೂರು ವರ್ಷ ದಾಟಿದ ಮಕ್ಕಳಿಗೆ ಫೋನನ್ನು ಕೈಗೆ ಕೊಡಬೇಡಿ. ಆಡುವ ಜಾಗದಲ್ಲಿ ಸ್ಟ್ಯಾಂಡಿಗೆ ಹಾಕಿ ಇಟ್ಟುಬಿಡಿ. ಮಗು ಆಡಲಿ, ಅಜ್ಜ ನೋಡಲಿ, ನಡುನಡುವೆ ಮಾತು ಬರಲಿ. ಅಜ್ಜಿ ಆಚೆ ಬೀನ್ಸ್ ಬಿಡಿಸುತ್ತಾ ಕೂತಿದ್ದರೂ ಚೆಂದವೇ. ಒಂದೇ ಮನೆಯಲ್ಲಿದ್ದರೆ ಹೀಗೇ ತಾನೆ ಇರುತ್ತಿದ್ದದ್ದು?

ಇನ್ನೂ ದೊಡ್ಡ ಮಕ್ಕಳಿಗೆ ಅಜ್ಜ-ಅಜ್ಜಿಯೇ ಗುರುಗಳಾಗುವ ಆಟ ಹುಡುಕಿ. ನನಗೆ ಅತ್ಯಂತ ಇಷ್ಟವಾದದ್ದು ಚೌಕಾಬಾರ. ಎರಡೂ ಮನೆಯಲ್ಲಿ 25 ಚೌಕದ ಮನೆ ಬರೆದುಕೊಳ್ಳಿ, ಅಲ್ಲಿ ಸೀಮೆಸುಣ್ಣದಲ್ಲಿ, ಇಲ್ಲಿ ರಟ್ಟಿನ ಮೇಲೆ. ಎರಡೂ ಕಡೆ ನಾಲ್ಕು ಕವಡೆ. ಕವಡೆ ಹಾಕಿ ಕ್ಯಾಮೆರಾಕ್ಕೆ ತೋರಿಸಬೇಕು, ಎರಡೂ ಮನೆಯಲ್ಲಿ ಕಾಯಿ ನಡೆಸಬೇಕು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು ಎಂದು ಅಜ್ಜಿ ಹೇಳಿಕೊಡಲಿ. ಆಟ ಒಂದೇ ದಿನ ಮುಗಿಯದಿದ್ದರೆ ಫೋಟೊ ತೆಗೆದಿಟ್ಟು ಮುಂದಿನ ವಾರ ಅಲ್ಲಿಂದಲೇ ಶುರು ಮಾಡಬಹುದು. ಕರೆಗಾಗಿ ಮಗುವೇ ಕಾಯುತ್ತದೆ.

ಒಗಟು ಇನ್ನೂ ಸುಲಭ. ಅಜ್ಜಿ ಬೆಳಿಗ್ಗೆ ಧ್ವನಿ ಸಂದೇಶದಲ್ಲಿ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು ಹೇಳು" ಎಂದು ಕಳಿಸುತ್ತಾರೆ. ಮಗು ಶಾಲೆಯಿಂದ ಬಂದು ಉತ್ತರ ಕಳಿಸಬೇಕು. ಮಲ್ಲಿಗೆ ಎಂದು ಹೊಳೆಯದಿದ್ದರೆ ಅಜ್ಜಿ ತೋಟಕ್ಕೆ ಹೋಗಿ ಗಿಡವನ್ನೇ ತೋರಿಸಲಿ. ಎರಡೂ ಕಡೆಯ ಹೊತ್ತು ಹೊಂದದ ಮನೆಗಳಿಗೆ ಇದು ತುಂಬಾ ಒಳ್ಳೆಯ ದಾರಿ.

ಇಲ್ಲೊಂದು ಅಪಾಯ ಇದೆ, ಹುಷಾರು. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀವು ಕನ್ನಡಕ್ಕೆ, ಅಜ್ಜಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸುತ್ತಾ ಕೂತರೆ ಅವರಿಬ್ಬರೂ ನಿಮ್ಮ ಜತೆಗೇ ಮಾತಾಡುತ್ತಾರೆ, ಪರಸ್ಪರ ಅಲ್ಲ. ಅರ್ಥ ಆಗದೆ ಇಬ್ಬರೂ ತಡವರಿಸಿದರೂ ಸ್ವಲ್ಪ ಹೊತ್ತು ಸುಮ್ಮನಿರಿ. ಕೈಸನ್ನೆಯಲ್ಲಿ, ವಸ್ತು ತೋರಿಸಿ, ನಕ್ಕು, ಹೇಗೋ ದಾಟಿಸಿಕೊಳ್ಳುತ್ತಾರೆ. ಮಗುವಿನ ಕನ್ನಡ ಬೆಳೆಯುವುದೂ ಅಲ್ಲೇ. ಉಚ್ಚಾರ ತಪ್ಪಿದರೆ ನಗಬೇಡಿ ಎಂದು ಊರಿನವರಿಗೂ ಮೊದಲೇ ಹೇಳಿಡಿ. ಒಂದು ಸಲ ನಕ್ಕರೆ ಆ ಮಗು ಆರು ತಿಂಗಳು ಬಾಯಿ ಬಿಡುವುದಿಲ್ಲ.

7. ಫ್ಯಾಮಿಲಿ ಗ್ರೂಪ್

ಸಾವು, ಆಸ್ಪತ್ರೆ, ಮದುವೆ ನಿಶ್ಚಯದ ಸುದ್ದಿ ಗ್ರೂಪ್‌ಗೆ ಬರುವ ಮೊದಲು ಹತ್ತಿರದವರಿಗೆ ಕರೆ ಹೋಗಲೇಬೇಕು. ಸ್ವಂತ ತಮ್ಮನ ಸಾವನ್ನು ಗ್ರೂಪ್‌ನಲ್ಲಿ ಓದುವ ಸ್ಥಿತಿ ಯಾವ ಅಕ್ಕನಿಗೂ ಬರಬಾರದು. ಆಸ್ತಿ, ಸಾಲ, ಪಾಲಿನ ಮಾತು ಗ್ರೂಪ್‌ನಲ್ಲಿ ಬೇಡವೇ ಬೇಡ.

ಹಿರಿಯರು ಸುಳ್ಳು ಸುದ್ದಿ ಹಂಚಿದಾಗ ಎಲ್ಲರ ಮುಂದೆ ತಿದ್ದಬೇಡಿ. ಮಾತು ನಿಲ್ಲುವುದು ಬಹಳ ಸಲ ಇಲ್ಲಿಂದಲೇ. ದೊಡ್ಡಪ್ಪನಿಗೆ ಕರೆ ಮಾಡಿ "ದೊಡ್ಡಪ್ಪ, ನೀವು ಕಳಿಸಿದ್ದು ನೋಡಿದೆ, ಅದು ಹಳೆಯ ವಿಡಿಯೊ ಅಂತೆ" ಎಂದು ಹೇಳಿ. ಅವರೇ ಅಳಿಸುತ್ತಾರೆ. ಹಲವರ ಕೈ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬಿಡುವಂತೆ ವಾಟ್ಸ್‌ಆ್ಯಪ್ 2020ರಲ್ಲಿ ಮಿತಿ ಹಾಕಿತು. "ಎರಡು ಬಾಣ ಕಂಡರೆ ಕಳಿಸುವ ಮೊದಲು ನನ್ನ ಕೇಳಿ" ಎಂಬಷ್ಟು ಕಲಿಸಿದರೆ ಸಾಕು.

ಶುಭೋದಯದ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದು ಬರೀ ಚಿತ್ರ ಅಲ್ಲ, "ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ" ಎಂಬ ಸುದ್ದಿ. ನಿಲ್ಲಿಸಿ ಎನ್ನಬೇಡಿ. ಫೋನು ತುಂಬುತ್ತದೆ ಎಂದರೆ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಚಿತ್ರ-ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ಆಫ್ ಮಾಡಿ.

ಸಂದೇಶ ಓದಿದ ಮೇಲೆ ಬರುವ ನೀಲಿ ಗೆರೆಯ ಬಗ್ಗೆಯೂ ಒಮ್ಮೆ ಬಾಯಿಬಿಟ್ಟು ಮಾತಾಡಿಕೊಳ್ಳಿ. "ನೋಡಿದ್ದಾನೆ, ಉತ್ತರ ಕೊಟ್ಟಿಲ್ಲ" ಎಂದು ಅಮ್ಮ ಮನಸ್ಸಿಗೆ ಹಚ್ಚಿಕೊಂಡಿರುತ್ತಾರೆ. ಆಫೀಸಿನಲ್ಲಿ ನೋಡುತ್ತೇನೆ, ಉತ್ತರ ರಾತ್ರಿಯೇ ಎಂದು ಮೊದಲೇ ಹೇಳಿಬಿಟ್ಟರೆ ಅವರಿಗೆ ಸಮಾಧಾನ.

8. ಮೋಸದ ಕರೆ: ಮೊದಲೇ ತಯಾರಿ

ಈ ಹಂತವನ್ನು ದಯವಿಟ್ಟು ಮುಂದೂಡಬೇಡಿ. ಕೆಲವು ಸಂಗತಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಗೆ ಬರೆಸಿ.

ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

"ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ಪೊಲೀಸ್ ವೇಷ ಹಾಕಿ ವಿಡಿಯೊ ಕರೆಯಲ್ಲಿ ಹೆದರಿಸಿ, "ಯಾರಿಗೂ ಹೇಳಬೇಡಿ, ಕರೆ ಕಟ್ ಮಾಡಬೇಡಿ" ಎನ್ನುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲೂ ಈ ಬಗ್ಗೆ ಎಚ್ಚರಿಸಿದ್ದರು. ಯಾರಿಗೂ ಹೇಳಬೇಡ ಎಂದವನೇ ಕಳ್ಳ ಎಂದು ತಿಳಿಸಿ.

ಮದುವೆ ಕರೆಯೋಲೆಯ ಹೆಸರಿನಲ್ಲಿ ಫೈಲ್ ಬಂದರೆ ಕೊನೆಯ ಅಕ್ಷರ ನೋಡಿ. "ಎಪಿಕೆ" ಎಂದಿದ್ದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ಆ್ಯಪ್. ತೆರೆಯಬಾರದು. ಬ್ಯಾಂಕಿನವರು ಎಂದು ಹೇಳಿ ಪರದೆ ತೋರಿಸಿ ಎನ್ನುವವರಿಗೂ ತೋರಿಸಬಾರದು. ಬರುವ ಒಟಿಪಿ, ಅಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಟ್ಟಿನ ಸಂಖ್ಯೆ, ಅವರಿಗೆ ಕಾಣುತ್ತದೆ.

ಈಗ ನಮ್ಮ ದನಿಯನ್ನೇ ಕಂಪ್ಯೂಟರಿನಲ್ಲಿ ನಕಲು ಮಾಡಲು ಬರುತ್ತದೆ. "ಅಮ್ಮ, ಆ್ಯಕ್ಸಿಡೆಂಟ್ ಆಗಿದೆ, ದುಡ್ಡು ಹಾಕು" ಎಂದು ಮಗನ ದನಿಯೇ ಕೇಳಬಹುದು. ಅದಕ್ಕೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ. ಹಿಂದೆ ಕೊಟ್ಟಿಗೆಯಲ್ಲಿದ್ದ ಹಸುವಿನ ಹೆಸರು ಆಗಬಹುದು. ಹಣದ ಮಾತು ಬಂದರೆ ಹಸುವಿನ ಹೆಸರು ಕೇಳಬೇಕು.

ಸೆಟ್ಟಿಂಗ್ಸ್‌ನಲ್ಲಿ ಮೂರು ಕೆಲಸ ಮಾಡಿ: ಅಪರಿಚಿತರ ವಾಟ್ಸ್‌ಆ್ಯಪ್ ಕರೆ ಸದ್ದು ಮಾಡದಂತೆ ಇಡಿ, ಗೊತ್ತಿರುವವರು ಮಾತ್ರ ಗ್ರೂಪ್‌ಗೆ ಸೇರಿಸುವಂತೆ ಮಾಡಿ, ಎರಡು ಹಂತದ ಪರಿಶೀಲನೆಗೆ ಆರಂಕಿಯ ಪಿನ್ ಹಾಕಿ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ಸ್ವಲ್ಪವೇ ಹಣ ಇರಲಿ, ಪಿಂಚಣಿ-ಠೇವಣಿಯ ಖಾತೆ ಬೇರೆ ಇರಲಿ.

ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತಾ ಹೋಗುತ್ತದೆ. ಬೈಸಿಕೊಳ್ಳುವ ಭಯಕ್ಕೆ ಹಿರಿಯರು ಮಕ್ಕಳಿಗೆ ಹೇಳುವುದೇ ಇಲ್ಲ. ನಮ್ಮ ನೆರೆಯ ಅಜ್ಜರೊಬ್ಬರು ಎಂಟು ದಿನ ಮುಚ್ಚಿಟ್ಟಿದ್ದರು, ಊಟ ಬಿಟ್ಟಿದ್ದರು. "ಎಷ್ಟೇ ಹೋಗಲಿ, ಬೈಯುವುದಿಲ್ಲ, ಮೊದಲು ನನಗೆ ಹೇಳು" ಎಂದು ಈಗಲೇ ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ.

9. ಕರೆ ಎತ್ತದ ದಿನ

ಎರಡು ಸಲ ಕರೆ ಮಾಡಿದರೂ ಎತ್ತದಿದ್ದರೆ ಮುಂದೇನು ಎಂದು ಮೊದಲೇ ತೀರ್ಮಾನ ಆಗಿರಲಿ. ಪಕ್ಕದ ಎರಡು ಮನೆಯವರ, ಅಂಗಡಿಯವರ ನಂಬರು ನಿಮ್ಮ ಫೋನಿನಲ್ಲಿ ಇರಬೇಕು. ಬರೀ ನಂಬರು ಇದ್ದರೆ ಸಾಲದು, ಊರಿಗೆ ಹೋದಾಗ ಅವರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ. ತುರ್ತಿಗೆ 112, ಹಿರಿಯರ ಸಹಾಯವಾಣಿ 14567. ಎರಡನ್ನೂ ಗೋಡೆಯ ಮೇಲೆ ಬರೆದು ಅಂಟಿಸಿ.

ಮನೆಯಲ್ಲಿ ಕ್ಯಾಮೆರಾ ಹಾಕಿಸಬೇಕಾ ಎಂದು ಕೇಳುವವರಿಗೆ: ಅಂಗಳಕ್ಕೆ, ಗೇಟಿಗೆ ಸರಿ. ಮನೆಯೊಳಗೆ ಹಾಕುವುದಾದರೆ ಅವರು ಒಪ್ಪಿ, ಎಲ್ಲಿ ಎಂದು ಅವರೇ ತೋರಿಸಬೇಕು. ಅದು ಅವರ ಮನೆ.

10. ಸ್ಮಾರ್ಟ್‌ಫೋನ್ ಬೇಡವೇ ಬೇಡ ಎಂದರೆ

ಒತ್ತಾಯ ಮಾಡಬೇಡಿ. ಕಣ್ಣಿನ ಪೊರೆ, ಕೈ ನಡುಕ, ಅಥವಾ ಸುಮ್ನೆ ಮನಸ್ಸಿಲ್ಲ, ಕಾರಣ ಯಾವುದಾದರೂ ಇರಲಿ. ಕೀಪ್ಯಾಡ್ ಫೋನಿನಲ್ಲೂ 4ನೇ ಹಂತ ನಡೆಯುತ್ತದೆ. ಒಗಟು ನಡೆಯುತ್ತದೆ. ಮಗು ಬಿಡಿಸಿದ ಚಿತ್ರಗಳ ಪ್ರಿಂಟ್ ತೆಗೆದು ತಿಂಗಳಿಗೊಮ್ಮೆ ಅಂಚೆಯಲ್ಲಿ ಕಳಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಇಬ್ಬರೂ ಫೋನಿನಲ್ಲಿ ಮಾತಾಡಲಿ.

ಕೀಪ್ಯಾಡ್ ಫೋನಿನಲ್ಲಿ ಸ್ಪೀಡ್ ಡಯಲ್ ಇರುತ್ತದೆ, ಒಂದೇ ಗುಂಡಿ ಒತ್ತಿ ಹಿಡಿದರೆ ಕರೆ ಹೋಗುವ ವ್ಯವಸ್ಥೆ. 2ಕ್ಕೆ ನಿಮ್ಮ ನಂಬರು, 3ಕ್ಕೆ ತಂಗಿಯದು, 4ಕ್ಕೆ ಪಕ್ಕದ ಮನೆಯದು ಇಡಿ. ಕಣ್ಣು ಮಂಜಾಗಿದ್ದರೆ 2ರ ಗುಂಡಿಯ ಮೇಲೆ ಉಗುರಿನ ಬಣ್ಣದ ಒಂದು ದಪ್ಪ ಚುಕ್ಕೆ ಹಾಕಿ ಒಣಗಲು ಬಿಡಿ. ಕತ್ತಲೆಯಲ್ಲೂ ಅದು ಬೆರಳಿಗೆ ಸಿಗುತ್ತದೆ.